ಗುಟ್ಟು ಕಾಯುವವನ ಗುಟ್ಟು

ತುಮಕೂರು ನಗರದ ಉಪ್ಪಾರಹಳ್ಳಿಯ ಹೆಸರಿನಲ್ಲೇ ಉಪ್ಪು ಇದೆ. ಚೌಳು ಮಣ್ಣಿನಿಂದ ಉಪ್ಪು ತೆಗೆಯುವುದನ್ನು ಕಸುಬಾಗಿ ಮಾಡಿಕೊಂಡಿದ್ದವರು ಉಪ್ಪಾರರು. ಅವರ ಹೆಸರನ್ನು ಹೊತ್ತ ಊರು ಕೇರಿಗಳು ನಮ್ಮ ನಾಡಿನಲ್ಲಿ ಹಲವಿವೆ. ಉಪ್ಪನ್ನು ಕುರಿತು ಕನ್ನಡದಲ್ಲಿ ಎರಡು ಗಾದೆಗಳು ಬಹಳ ಬಳಕೆಯಲ್ಲಿವೆ. 'ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ' ಎಂಬುದು ಒಂದು. 'ಉಪ್ಪು ತಿಂದವನು ನೀರು ಕುಡಿಯಲೇಬೇಕು' ಎಂಬುದು ಇನ್ನೊಂದು. ಮೊದಲನೆಯದು ನಿಷ್ಠೆಯ ಮಾತು, ಎರಡನೆಯದು ಹೊಣೆಯ ಮಾತು. ರಾಜ್ಯದ ಉಪ್ಪು ತಿಂದು ರಾಜ್ಯದ ಗುಟ್ಟು ಕಾಯುವವನ ಚರಿತ್ರೆಯನ್ನು ತಿಳಿಯಲು ಈ ಎರಡೂ ಗಾದೆಗಳು ಬೇಕು.

ವಿದ್ಯಾರ್ಥಿ ಮಿತ್ರರೇ, ಇಂದು ನಾವು ಪರಿಶೀಲಿಸಲಿರುವ ಘಟನೆ ನಡೆದದ್ದು ಬಹು ದೂರದ ದೇಶದಲ್ಲಿ. ಗುಪ್ತಚರ ಸಂಸ್ಥೆಯೊಂದರ ಮುಖ್ಯಸ್ಥನು ವಿವಾಹೇತರ ಸಂಬಂಧದ ಕಾರಣಕ್ಕೆ ರಾಜೀನಾಮೆ ಕೊಟ್ಟ ಪ್ರಸಂಗ ಅದು. ಇಂತಹ ಸುದ್ದಿಯನ್ನು ಜನ ಸಾಮಾನ್ಯವಾಗಿ ಹರಟೆಯ ವಸ್ತುವಾಗಿ ಕೇಳುತ್ತಾರೆ, ನಕ್ಕು ಮರೆಯುತ್ತಾರೆ. ಆದರೆ ಚರಿತ್ರೆಯ ವಿದ್ಯಾರ್ಥಿಗೆ ಅಲ್ಲಿ ಒಂದು ಗಂಭೀರ ಪ್ರಶ್ನೆ ಕಾಣಬೇಕು. ಒಬ್ಬ ಅಧಿಕಾರಿಯ ಮನೆಯೊಳಗಿನ ತಪ್ಪು ರಾಜ್ಯದ ವಿಷಯವಾಗುವುದು ಯಾವಾಗ? ಯಾವಾಗ ಅದು ರಾಜ್ಯದ ವಿಷಯವಾಗಬಾರದು?

ಒಂದು ಶುಕ್ರವಾರದ ರಾಜೀನಾಮೆ

2012ರ ನವೆಂಬರ್ 9, ಶುಕ್ರವಾರ. ಅಮೆರಿಕದ ಅಧ್ಯಕ್ಷರಾಗಿ ಬರಾಕ್ ಒಬಾಮ ಎರಡನೆಯ ಬಾರಿಗೆ ಆಯ್ಕೆಯಾಗಿ ಮೂರೇ ದಿನಗಳಾಗಿದ್ದವು. ಅಂದು ಆ ದೇಶದ ಕೇಂದ್ರ ಗುಪ್ತಚರ ಸಂಸ್ಥೆಯಾದ ಸಿ.ಐ.ಎ.ಯ ನಿರ್ದೇಶಕ ಡೇವಿಡ್ ಪೆಟ್ರೇಯಸ್ ತಮ್ಮ ಹುದ್ದೆಯಿಂದ ನಿರ್ಗಮಿಸಿದರು. ಸಂಸ್ಥೆಯ ಸಿಬ್ಬಂದಿಗೆ ಬರೆದ ಪತ್ರದಲ್ಲಿ ಅವರು ಕಾರಣವನ್ನು ಮುಚ್ಚಿಡಲಿಲ್ಲ. ಮೂವತ್ತೇಳು ವರ್ಷಗಳಿಗೂ ಮೀರಿದ ದಾಂಪತ್ಯದ ನಂತರ ತಾವು ವಿವಾಹೇತರ ಸಂಬಂಧಕ್ಕೆ ಸಿಲುಕಿ ತೀರ ಅವಿವೇಕದಿಂದ ನಡೆದುಕೊಂಡುದಾಗಿಯೂ, ಗಂಡನಾಗಿಯೂ ಸಂಸ್ಥೆಯ ನಾಯಕನಾಗಿಯೂ ಅದು ಒಪ್ಪತಕ್ಕ ನಡತೆಯಲ್ಲವೆಂದೂ ಬರೆದರು.

ಪೆಟ್ರೇಯಸ್ ಸಾಮಾನ್ಯ ಅಧಿಕಾರಿಯಲ್ಲ. 1952ರಲ್ಲಿ ಹುಟ್ಟಿದ ಅವರು 1974ರಲ್ಲಿ ವೆಸ್ಟ್ ಪಾಯಿಂಟ್ ಸೈನಿಕ ವಿದ್ಯಾಲಯದಿಂದ ಹೊರಬಂದವರು. 1987ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದವರು. 2007 ಮತ್ತು 2008ರಲ್ಲಿ ಇರಾಕಿನಲ್ಲಿ, 2010ರಿಂದ 2011ರವರೆಗೆ ಆಫ್ಘಾನಿಸ್ತಾನದಲ್ಲಿ ಸೇನೆಗಳನ್ನು ನಡೆಸಿದ ನಾಲ್ಕು ನಕ್ಷತ್ರದ ಜನರಲ್. 2011ರ ಜೂನ್ 30ರಂದು ಸೆನೆಟ್ ಸಭೆ ಅವರ ನೇಮಕವನ್ನು ಒಪ್ಪಿದಾಗ ಪರವಾಗಿ 94 ಮತಗಳು ಬಿದ್ದವು, ವಿರುದ್ಧವಾಗಿ ಒಂದೂ ಬೀಳಲಿಲ್ಲ. ಅದೇ ವರ್ಷ ಸೆಪ್ಟೆಂಬರ್ 6ರಂದು ಅವರು ಪ್ರಮಾಣವಚನ ಸ್ವೀಕರಿಸಿದರು. ಹದಿನಾಲ್ಕು ತಿಂಗಳಲ್ಲಿ ಎಲ್ಲವೂ ಮುಗಿದಿತ್ತು.

ಸಂಬಂಧವಿದ್ದುದು ಪೌಲಾ ಬ್ರಾಡ್‌ವೆಲ್ ಎಂಬ ಲೇಖಕಿಯೊಡನೆ. ಆಕೆಯೂ ವೆಸ್ಟ್ ಪಾಯಿಂಟಿನಲ್ಲಿ ಓದಿದವರು, ಸೇನೆಯ ಮೀಸಲು ಪಡೆಯ ಅಧಿಕಾರಿ. 2012ರ ಜನವರಿಯಲ್ಲಿ ಪ್ರಕಟವಾದ ಪೆಟ್ರೇಯಸ್ ಅವರ ಜೀವನಚರಿತ್ರೆಯ ಲೇಖಕರಲ್ಲಿ ಆಕೆ ಒಬ್ಬರು. ಸಂಬಂಧ ಬೆಳೆದದ್ದು ತಾವು ಸೇನೆಯಿಂದ ನಿವೃತ್ತರಾದ ಮೇಲೆ ಎಂದು ಪೆಟ್ರೇಯಸ್ ಅವರ ಕಡೆಯವರು ಹೇಳಿದರು. ಈ ಮಾತಿಗೆ ಮಹತ್ವವಿದೆ. ಅಮೆರಿಕದ ಸೈನಿಕ ಕಾನೂನಿನಲ್ಲಿ ವ್ಯಭಿಚಾರ ಶಿಕ್ಷಾರ್ಹ; ಸಿ.ಐ.ಎ.ಯಂತಹ ನಾಗರಿಕ ಹುದ್ದೆಯಲ್ಲಿ ಅದಕ್ಕಾಗಿಯೇ ಮೊಕದ್ದಮೆ ಹೂಡುವಂತಿಲ್ಲ. ಹಾಗಾದರೆ ಅವರು ರಾಜೀನಾಮೆ ಕೊಡಬೇಕಾದದ್ದೇಕೆ?

ಮೈಸೂರಿನಲ್ಲಿ ದೊರೆತ ಉತ್ತರ

ಈ ಪ್ರಶ್ನೆಗೆ ಬಹು ಹಳೆಯ ಉತ್ತರವೊಂದು ನಮ್ಮ ಮೈಸೂರಿನ ಮೂಲಕವೇ ಲೋಕಕ್ಕೆ ತಿಳಿಯಿತು. 1905ರಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದ ಗ್ರಂಥಪಾಲಕರಾಗಿದ್ದ ರುದ್ರಪಟ್ಟಣದ ಆರ್. ಶಾಮಾಶಾಸ್ತ್ರಿಗಳ ಕೈಗೆ ತಂಜಾವೂರು ಸೀಮೆಯ ಪಂಡಿತರೊಬ್ಬರಿಂದ ಬಂದ ಗ್ರಂಥಲಿಪಿಯ ತಾಳೆಗರಿ ಕಟ್ಟೊಂದು ಸಿಕ್ಕಿತು. ಅದು ಹೆಸರು ಮಾತ್ರ ಉಳಿದು ಕಣ್ಮರೆಯಾಗಿದ್ದ ಕೌಟಿಲ್ಯನ ಅರ್ಥಶಾಸ್ತ್ರ. 1909ರಲ್ಲಿ ಅವರು ಮೂಲವನ್ನು ಅಚ್ಚು ಮಾಡಿಸಿದರು. 1915ರಲ್ಲಿ ಇಂಗ್ಲಿಷ್ ಅನುವಾದ ಹೊರಬಂತು. ಗ್ರಂಥದ ಕಾಲದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಕೆಲವರು ಅದನ್ನು ಮೌರ್ಯರ ಕಾಲಕ್ಕೆ ಒಯ್ಯುತ್ತಾರೆ, ಇನ್ನು ಕೆಲವರು ಕ್ರಿಸ್ತಶಕದ ಮೊದಲ ಶತಮಾನಗಳಿಗೆ ತರುತ್ತಾರೆ. ಹೇಗಿದ್ದರೂ ಬೇಹುಗಾರಿಕೆಯನ್ನು ಒಂದು ಶಾಸ್ತ್ರವಾಗಿ ಬರೆದಿಟ್ಟ ಅತ್ಯಂತ ಹಳೆಯ ಗ್ರಂಥಗಳಲ್ಲಿ ಅದೂ ಒಂದು.

ಅದರ ಮೊದಲನೆಯ ಅಧಿಕರಣದಲ್ಲಿ ಅಮಾತ್ಯರನ್ನು ಪರೀಕ್ಷಿಸುವ ನಾಲ್ಕು ಉಪಾಯಗಳಿವೆ. ಧರ್ಮ, ಅರ್ಥ, ಕಾಮ, ಭಯ ಎಂಬ ನಾಲ್ಕು ಬಾಗಿಲುಗಳಿಂದ ಮನುಷ್ಯನ ಮನಸ್ಸನ್ನು ಹೊಕ್ಕು ನೋಡುವ ವಿಧಾನ ಅದು. ಕಾಮದ ಪರೀಕ್ಷೆ ಹೀಗಿದೆ: ಅಂತಃಪುರದಲ್ಲಿ ಮನ್ನಣೆ ಪಡೆದ ಪರಿವ್ರಾಜಿಕೆಯೊಬ್ಬಳು ಒಬ್ಬೊಬ್ಬ ಅಮಾತ್ಯನ ಬಳಿಗೂ ಹೋಗಿ, ಪಟ್ಟದ ರಾಣಿಗೆ ನಿನ್ನ ಮೇಲೆ ಮನಸ್ಸಾಗಿದೆ, ಭೇಟಿಗೆ ಏರ್ಪಾಡಾಗಿದೆ, ಧನಲಾಭವೂ ಉಂಟು ಎಂದು ಹೇಳಬೇಕು. ನಿರಾಕರಿಸಿದವನು ಈ ಪರೀಕ್ಷೆಯಲ್ಲಿ ಶುದ್ಧ.

ಇಲ್ಲಿ ಗಮನಿಸಬೇಕಾದ ಸಂಗತಿಗಳು ಎರಡು. ಮೊದಲನೆಯದಾಗಿ, ಕೌಟಿಲ್ಯನು ಎಲ್ಲ ಹುದ್ದೆಗೂ ಒಂದೇ ಅಳತೆಗೋಲು ಹಿಡಿಯುವುದಿಲ್ಲ. ಧರ್ಮದ ಪರೀಕ್ಷೆಯಲ್ಲಿ ಗೆದ್ದವನಿಗೆ ನ್ಯಾಯದಾನದ ಕೆಲಸ. ಅರ್ಥದ ಪರೀಕ್ಷೆಯಲ್ಲಿ ಗೆದ್ದವನಿಗೆ ಕಂದಾಯ ಮತ್ತು ಭಂಡಾರದ ಕೆಲಸ. ಕಾಮದ ಪರೀಕ್ಷೆಯಲ್ಲಿ ಗೆದ್ದವನಿಗೆ ಅರಮನೆಯ ಒಳಹೊರಗಿನ ವಿಹಾರಸ್ಥಾನಗಳ ಕಾವಲು. ಭಯದ ಪರೀಕ್ಷೆಯಲ್ಲಿ ಗೆದ್ದವನಿಗೆ ರಾಜನ ಸಮೀಪದ ಕೆಲಸ. ನಾಲ್ಕರಲ್ಲೂ ಗೆದ್ದವರು ಮಂತ್ರಿಗಳಾಗಬಹುದು. ನಾಲ್ಕರಲ್ಲೂ ಸೋತವರನ್ನು ಗಣಿ, ಕಾಡು, ಕಾರ್ಖಾನೆಗಳಿಗೆ ಕಳಿಸಬೇಕು. ಎಂದರೆ ಕೌಟಿಲ್ಯನ ಪ್ರಶ್ನೆ 'ಇವನು ಪಾಪಿಯೋ ಪುಣ್ಯವಂತನೋ' ಎಂಬುದಲ್ಲ. 'ಇವನ ದೌರ್ಬಲ್ಯ ಯಾವುದು, ಆ ದೌರ್ಬಲ್ಯದಿಂದ ಯಾವ ಕೆಲಸ ಕೆಡುತ್ತದೆ' ಎಂಬುದು.

ಎರಡನೆಯದಾಗಿ, ಹಿಂದಿನ ಆಚಾರ್ಯರ ಈ ವಿಧಾನಕ್ಕೆ ಅವನು ಒಂದು ತಿದ್ದುಪಡಿ ಹೇಳುತ್ತಾನೆ. ರಾಜನನ್ನಾಗಲಿ ರಾಣಿಯನ್ನಾಗಲಿ ಇಂತಹ ಪರೀಕ್ಷೆಗೆ ಗುರಿಯಾಗಿ ಇಡಬಾರದು. ನಿರ್ಮಲವಾದ ನೀರಿಗೆ ವಿಷ ಹಾಕಿದಂತೆ ಕೆಡದ ಮನಸ್ಸನ್ನು ಪರೀಕ್ಷೆಯ ನೆಪದಲ್ಲಿ ಕೆಡಿಸಬಾರದು. ಒಮ್ಮೆ ಕೆಟ್ಟ ಮನಸ್ಸಿಗೆ ಮತ್ತೆ ಮದ್ದು ಸಿಗದೆ ಹೋಗಬಹುದು ಎನ್ನುತ್ತಾನೆ. ಪರೀಕ್ಷಿಸುವ ರಾಜ್ಯಕ್ಕೂ ಮಿತಿಯುಂಟೆಂಬ ಅರಿವು ಇಲ್ಲಿದೆ.

ಕರಡು ಪೆಟ್ಟಿಗೆಯ ಪತ್ರಗಳು

ಈ ಬೆಳಕಿನಲ್ಲಿ ಮತ್ತೆ ಅಮೆರಿಕದ ಪ್ರಸಂಗಕ್ಕೆ ಬರೋಣ. ಸಂಬಂಧ ಬಯಲಾದದ್ದು ಯಾವ ಶತ್ರುದೇಶದ ಸಂಚಿನಿಂದಲೂ ಅಲ್ಲ. 2012ರ ಬೇಸಗೆಯಲ್ಲಿ ಫ್ಲಾರಿಡಾ ರಾಜ್ಯದ ಟ್ಯಾಂಪಾ ನಗರದ ಮಹಿಳೆಯೊಬ್ಬರಿಗೆ ಹೆಸರಿಲ್ಲದ ಕಿರುಕುಳದ ಇ-ಮೇಲ್‌ಗಳು ಬರತೊಡಗಿದವು. ಆಕೆ ಪರಿಚಯದ ತನಿಖಾಧಿಕಾರಿಯೊಬ್ಬರಿಗೆ ದೂರಿದರು. ಅಮೆರಿಕದ ಕೇಂದ್ರ ತನಿಖಾ ದಳವಾದ ಎಫ್.ಬಿ.ಐ. ಆ ಪತ್ರಗಳು ಯಾವ ಯಾವ ಊರಿನಿಂದ, ಯಾವ ಸಂಪರ್ಕದಿಂದ ಹೊರಟಿವೆ ಎಂದು ಪತ್ತೆಹಚ್ಚುತ್ತ ಹೋಗಿ ಬ್ರಾಡ್‌ವೆಲ್ ಅವರನ್ನು ತಲುಪಿತು. ಆಕೆಯ ಇ-ಮೇಲ್‌ಗಳನ್ನು ಪರಿಶೀಲಿಸುವಾಗ ಸಿ.ಐ.ಎ.ಯ ನಿರ್ದೇಶಕರೊಡನೆ ಆಕೆಗಿದ್ದ ಸಂಬಂಧ ಬೆಳಕಿಗೆ ಬಂತು.

ಇಬ್ಬರೂ ಒಂದೇ ಇ-ಮೇಲ್ ಖಾತೆಯ ಕೀಲಿಮಾತನ್ನು ಹಂಚಿಕೊಂಡಿದ್ದರೆಂದು ಆಗ ವರದಿಯಾಯಿತು. ಪತ್ರ ಬರೆಯುವುದು, ಆದರೆ ಕಳಿಸದೆ ಕರಡು ಪೆಟ್ಟಿಗೆಯಲ್ಲೇ ಬಿಡುವುದು. ಇನ್ನೊಬ್ಬರು ಅದೇ ಖಾತೆಯನ್ನು ತೆರೆದು ಓದುವುದು. ಭಯೋತ್ಪಾದಕರು ಬಳಸಿದ್ದರೆಂದು ಆಗಲೇ ತಿಳಿದಿದ್ದ ಉಪಾಯವಿದು. ಜಗತ್ತಿನ ಅತಿ ದೊಡ್ಡ ಗುಪ್ತಚರ ಸಂಸ್ಥೆಯೊಂದರ ಮುಖ್ಯಸ್ಥನಿಗೆ ತನ್ನ ಗುಟ್ಟನ್ನು ತನ್ನ ದೇಶದ ತನಿಖಾ ದಳದಿಂದಲೇ ಮುಚ್ಚಿಡಲಾಗಲಿಲ್ಲ.

ನವೆಂಬರ್ 6ರಂದು, ಚುನಾವಣೆಯ ದಿನ ಸಂಜೆ, ರಾಷ್ಟ್ರೀಯ ಗುಪ್ತಚರ ವ್ಯವಸ್ಥೆಯ ಮುಖ್ಯಸ್ಥರಾದ ಜೇಮ್ಸ್ ಕ್ಲ್ಯಾಪರ್ ಅವರಿಗೆ ಎಫ್.ಬಿ.ಐ. ವಿಷಯ ತಿಳಿಸಿತು. ಅವರು ಪೆಟ್ರೇಯಸ್ ಅವರಿಗೆ ರಾಜೀನಾಮೆಯ ಸಲಹೆ ಕೊಟ್ಟರು. ಕಾರಣ ಸ್ಪಷ್ಟ. ಗುಟ್ಟು ಕಾಯುವ ಕೆಲಸದವನಿಗೆ ತನ್ನದೇ ಒಂದು ಗುಟ್ಟು ಇದ್ದರೆ, ಆ ಗುಟ್ಟನ್ನು ತಿಳಿದವನು ಅವನ ಒಡೆಯನಾಗುತ್ತಾನೆ. ಸಂಬಂಧ ಎಷ್ಟರಮಟ್ಟಿಗೆ ತಪ್ಪು ಎಂಬುದಕ್ಕಿಂತ ಅದನ್ನು ಮುಚ್ಚಿಡಲು ಅವನು ಏನನ್ನು ತೆರಲು ಸಿದ್ಧನಾಗುತ್ತಾನೆ ಎಂಬುದು ರಾಜ್ಯದ ಚಿಂತೆ. ಅಡಗಿಸಿಟ್ಟಾಗಲೇ ದೌರ್ಬಲ್ಯ ಶತ್ರುವಿನ ಆಯುಧ. ಬಯಲಿಗೆ ಬಂದ ಮೇಲೆ ಅದರ ಮೊನೆ ಮುರಿಯುತ್ತದೆ.

ಬ್ರಿಟನ್ನಿನ ಜಾನ್ ವ್ಯಾಸಲ್ ಪ್ರಕರಣ ಇದಕ್ಕೆ ನಿದರ್ಶನ. ಮಾಸ್ಕೋದ ಬ್ರಿಟಿಷ್ ರಾಯಭಾರ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಈತ ಸಲಿಂಗಿ. ಆ ಕಾಲದ ಇಂಗ್ಲೆಂಡಿನಲ್ಲಿ ಅದು ಅಪರಾಧ. 1954ರಲ್ಲಿ ಸೋವಿಯತ್ ಬೇಹುಗಾರರು ಅವನ ಛಾಯಾಚಿತ್ರಗಳನ್ನು ತೆಗೆದು, ಅವನ್ನು ತೋರಿಸಿ ಬೆದರಿಸಿದರು. ಜೈಲಿಗೆ ಹೆದರಿದ ಆತ 1962ರಲ್ಲಿ ಸಿಕ್ಕಿಬೀಳುವವರೆಗೂ ನೌಕಾದಳದ ರಹಸ್ಯಗಳನ್ನು ಕೊಡುತ್ತ ಹೋದ. ಹದಿನೆಂಟು ವರ್ಷಗಳ ಸೆರೆಯ ಶಿಕ್ಷೆಗೆ ಗುರಿಯಾದ. ಅವನ ದ್ರೋಹಕ್ಕೆ ಅವನೇ ಹೊಣೆ. ಆದರೆ ಬೆದರಿಸುವವರ ಕೈಗೆ ಆಯುಧ ಕೊಟ್ಟದ್ದರಲ್ಲಿ ಅಂದಿನ ಕಾನೂನಿಗೂ ಸಮಾಜದ ತಿರಸ್ಕಾರಕ್ಕೂ ಪಾಲಿತ್ತು ಎಂಬುದನ್ನು ಚರಿತ್ರೆ ಮರೆಯಬಾರದು. ಇಂಗ್ಲೆಂಡಿನಲ್ಲಿ ಆ ಕಾನೂನು ಸಡಿಲವಾದದ್ದು 1967ರಲ್ಲಿ.

ಎಂಟು ಕಪ್ಪು ಪುಸ್ತಕಗಳು

ಪೆಟ್ರೇಯಸ್ ಕಥೆ ರಾಜೀನಾಮೆಯೊಂದಿಗೆ ಮುಗಿದಿದ್ದರೆ, ತಪ್ಪು ಮಾಡಿದ ಗೃಹಸ್ಥನೊಬ್ಬ ಹೊಣೆ ಹೊತ್ತು ಹುದ್ದೆ ಬಿಟ್ಟ ಎಂದು ನಾವು ಪುಟ ಮಗುಚಬಹುದಿತ್ತು. ಆದರೆ 2013ರ ಏಪ್ರಿಲ್‌ನಲ್ಲಿ ಎಫ್.ಬಿ.ಐ. ಅವರ ಮನೆಯನ್ನು ಶೋಧಿಸಿದಾಗ ಕಪ್ಪು ರಟ್ಟಿನ ಟಿಪ್ಪಣಿ ಪುಸ್ತಕಗಳು ದೊರೆತವು. ಆಫ್ಘಾನಿಸ್ತಾನದಲ್ಲಿ ಸೇನಾಪತಿಯಾಗಿದ್ದಾಗ ಅವರು ಕೈಬರಹದಲ್ಲಿ ತುಂಬಿಸಿದ್ದ ಎಂಟು ಪುಸ್ತಕಗಳವು. ಗುಪ್ತವಾಗಿ ಕೆಲಸ ಮಾಡುವವರ ಗುರುತುಗಳು, ಯುದ್ಧದ ತಂತ್ರಗಳು, ಗುಪ್ತಚರ ವ್ಯವಸ್ಥೆಯ ಸಾಮರ್ಥ್ಯದ ವಿವರಗಳು, ಅಧ್ಯಕ್ಷರೊಡನೆ ನಡೆದ ಮಾತುಕತೆಗಳು ಅವುಗಳಲ್ಲಿದ್ದವು. 2011ರ ಆಗಸ್ಟ್ 28ರಂದು ಪೆಟ್ರೇಯಸ್ ಈ ಪುಸ್ತಕಗಳನ್ನು ವಾಷಿಂಗ್ಟನ್ನಿನಲ್ಲಿ ಬ್ರಾಡ್‌ವೆಲ್ ತಂಗಿದ್ದ ಮನೆಗೆ ತಲುಪಿಸಿ, ಸೆಪ್ಟೆಂಬರ್ 1ರಂದು ಮರಳಿ ಪಡೆದಿದ್ದರು. ಅವುಗಳಲ್ಲಿನ ಗೌಪ್ಯ ಮಾಹಿತಿ ಆಕೆಯ ಪುಸ್ತಕದಲ್ಲಿ ಪ್ರಕಟವಾಗಲಿಲ್ಲ ಎಂದು ನ್ಯಾಯಾಲಯದ ದಾಖಲೆ ಹೇಳುತ್ತದೆ. ಆದರೂ ರಾಜ್ಯದ ರಹಸ್ಯವನ್ನು ಸ್ವಂತ ಸ್ನೇಹಕ್ಕಾಗಿ ಹಂಚಿಕೊಂಡದ್ದು ಸತ್ಯ.

ಇಲ್ಲಿ ಎರಡು ದಿನಾಂಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. 2012ರ ಅಕ್ಟೋಬರ್ 23ರಂದು ಸಿ.ಐ.ಎ.ಯ ಮಾಜಿ ಅಧಿಕಾರಿ ಜಾನ್ ಕಿರಿಯಾಕೂ, ಗುಪ್ತ ಕಾರ್ಯದಲ್ಲಿದ್ದ ಸಹೋದ್ಯೋಗಿಯೊಬ್ಬನ ಹೆಸರನ್ನು ಪತ್ರಕರ್ತನಿಗೆ ತಿಳಿಸಿದ ತಪ್ಪನ್ನು ನ್ಯಾಯಾಲಯದಲ್ಲಿ ಒಪ್ಪಿಕೊಂಡರು. ಅಂದು ನಿರ್ದೇಶಕ ಪೆಟ್ರೇಯಸ್ ತಮ್ಮ ಸಿಬ್ಬಂದಿಗೆ ಬರೆದ ಮಾತಿನ ತಾತ್ಪರ್ಯ ಇದು: ಪ್ರಮಾಣವಚನಕ್ಕೆ ಬೆಲೆಯಿದೆ, ಕಾನೂನಿಗಿಂತ ತಾನು ಮೇಲೆಂದು ಭಾವಿಸಿದವನು ಅದರ ಫಲ ಉಣ್ಣಬೇಕಾಗುತ್ತದೆ. ಮೂರು ದಿನ ಕಳೆಯಿತು. ಅಕ್ಟೋಬರ್ 26ರಂದು ಎಫ್.ಬಿ.ಐ. ಅಧಿಕಾರಿಗಳು ಸಿ.ಐ.ಎ. ಕಚೇರಿಗೇ ಬಂದು, ಲೇಖಕಿಗೆ ಗೌಪ್ಯ ಮಾಹಿತಿಯನ್ನೇನಾದರೂ ಕೊಟ್ಟಿರಾ ಎಂದು ಕೇಳಿದಾಗ ಪೆಟ್ರೇಯಸ್ ಇಲ್ಲವೆಂದರು. ಅದು ಸುಳ್ಳಾಗಿತ್ತು.

2013ರ ಜನವರಿಯಲ್ಲಿ ಕಿರಿಯಾಕೂ ಅವರಿಗೆ ಮೂವತ್ತು ತಿಂಗಳ ಸೆರೆವಾಸದ ಶಿಕ್ಷೆಯಾಯಿತು. ಪೆಟ್ರೇಯಸ್ 2015ರಲ್ಲಿ ಸರ್ಕಾರಿ ವಕೀಲರೊಡನೆ ಒಪ್ಪಂದ ಮಾಡಿಕೊಂಡು, ಗೌಪ್ಯ ದಾಖಲೆಗಳನ್ನು ಅನುಮತಿಯಿಲ್ಲದೆ ಇಟ್ಟುಕೊಂಡ ಲಘು ಅಪರಾಧವೊಂದನ್ನು ಒಪ್ಪಿಕೊಂಡರು. ಆ ವರ್ಷ ಏಪ್ರಿಲ್ 23ರಂದು ಉತ್ತರ ಕೆರೊಲಿನಾದ ಷಾರ್ಲೆಟ್ ನಗರದ ನ್ಯಾಯಾಲಯ ಅವರಿಗೆ ಎರಡು ವರ್ಷಗಳ ಪರಿವೀಕ್ಷಣೆಯನ್ನೂ ಒಂದು ಲಕ್ಷ ಡಾಲರ್ ದಂಡವನ್ನೂ ವಿಧಿಸಿತು. ಸರ್ಕಾರಿ ವಕೀಲರು ಸೂಚಿಸಿದ್ದ ದಂಡ ನಲವತ್ತು ಸಾವಿರ ಡಾಲರ್ ಮಾತ್ರ. ಅಪರಾಧದ ತೂಕಕ್ಕೆ ಅದು ಸಾಲದೆಂದು ನ್ಯಾಯಾಧೀಶರು ಹೆಚ್ಚಿಸಿದರು. ಆದರೆ ಸೆರೆವಾಸವಿಲ್ಲ.

ಎರಡು ಪ್ರಕರಣಗಳ ಸಂದರ್ಭ ಪೂರ್ತಿ ಒಂದೇ ಅಲ್ಲ. ಆದರೂ ಉಪ್ಪು ತಿಂದವರೆಲ್ಲರೂ ಒಂದೇ ಅಳತೆಯ ನೀರು ಕುಡಿದರೇ ಎಂದು ಅಮೆರಿಕದಲ್ಲೇ ಅನೇಕರು ಕೇಳಿದರು. ಇನ್ನೊಂದು ಅಸಮತೆಯನ್ನೂ ಗಮನಿಸಿ. ಸಂಬಂಧದಲ್ಲಿ ಇಬ್ಬರಿದ್ದರು. ಪೆಟ್ರೇಯಸ್ 2013ರಲ್ಲಿಯೇ ದೊಡ್ಡ ಹೂಡಿಕೆ ಸಂಸ್ಥೆಯೊಂದರಲ್ಲಿ ಉನ್ನತ ಸ್ಥಾನ ಪಡೆದರು. 2016ರ ಕೊನೆಯಲ್ಲಿ ವಿದೇಶಾಂಗ ಸಚಿವ ಸ್ಥಾನಕ್ಕೂ ಅವರ ಹೆಸರು ಕೇಳಿಬಂತು. ಬ್ರಾಡ್‌ವೆಲ್ ಅವರ ಮೇಲೆ ಮೊಕದ್ದಮೆ ಹೂಡಲಿಲ್ಲ. ಆದರೂ ಸೇನೆಯಲ್ಲಿ ಅವರ ಬಡ್ತಿ ರದ್ದಾಯಿತು, ಪತ್ರಿಕೆಗಳು ವರ್ಷಗಟ್ಟಲೆ ಅವರ ಹೆಸರಿಗೆ ಆ ಒಂದೇ ವಿಶೇಷಣವನ್ನು ಅಂಟಿಸಿದವು. ಇಬ್ಬರ ತಪ್ಪಿಗೆ ಹೆಣ್ಣಿನ ಹೆಸರೇ ಹೆಚ್ಚು ಕಾಲ ಸವೆಯುವುದು ನಮ್ಮ ಊರುಗಳಿಗೂ ಹೊಸದಲ್ಲ.

ಲಂಡನ್ನಿನ ಹಳೆಯ ಪಾಠ

ಇದೇ ಬಗೆಯ ಇನ್ನೊಂದು ಪ್ರಸಿದ್ಧ ರಾಜೀನಾಮೆ ಬ್ರಿಟನ್ನಿನಲ್ಲಿ ನಡೆದದ್ದು. 1961ರ ಜುಲೈನಲ್ಲಿ ಯುದ್ಧ ಸಚಿವ ಜಾನ್ ಪ್ರೊಫ್ಯೂಮೊ ಅವರಿಗೆ ಕ್ರಿಸ್ಟೀನ್ ಕೀಲರ್ ಎಂಬ ತರುಣಿಯ ಪರಿಚಯವಾಯಿತು. ಆಕೆಗೆ ಲಂಡನ್ನಿನ ಸೋವಿಯತ್ ರಾಯಭಾರ ಕಚೇರಿಯ ನೌಕಾಧಿಕಾರಿ ಯೆವ್ಗೆನಿ ಇವಾನೋವ್ ಪರಿಚಯವೂ ಇತ್ತು. ಶೀತಲ ಸಮರದ ಕಾಲದಲ್ಲಿ ಇದಕ್ಕಿಂತ ಅಪಾಯದ ತ್ರಿಕೋನ ಬೇರಿಲ್ಲ. 1963ರ ಮಾರ್ಚ್ 22ರಂದು ಪ್ರೊಫ್ಯೂಮೊ ಸಂಸತ್ತಿನ ಕೆಳಮನೆಯಲ್ಲಿ ಎದ್ದು ನಿಂತು, ಆಕೆಯೊಡನೆ ತಮ್ಮ ಪರಿಚಯದಲ್ಲಿ ಅನುಚಿತವಾದುದು ಏನೂ ಇಲ್ಲವೆಂದರು. ಜೂನ್ ಮೊದಲ ವಾರದಲ್ಲಿ ಅದು ಸುಳ್ಳೆಂದು ಒಪ್ಪಿ ರಾಜೀನಾಮೆ ಕೊಟ್ಟರು.

ನ್ಯಾಯಮೂರ್ತಿ ಡೆನ್ನಿಂಗ್ ಅವರ ವಿಚಾರಣಾ ವರದಿ ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೊರಬಂತು. ರಾಷ್ಟ್ರದ ಭದ್ರತೆಗೆ ಧಕ್ಕೆಯಾಗಿರಲಿಲ್ಲವೆಂಬುದು ಅದರ ನಿರ್ಣಯ. ಹಾಗಾದರೆ ಸಚಿವರು ಬಿದ್ದದ್ದು ಯಾವುದರಿಂದ? ಸಂಸತ್ತಿನ ಎದುರು ಆಡಿದ ಸುಳ್ಳಿನಿಂದ. ಮುಂದೆ ಅವರು ರಾಜಕೀಯಕ್ಕೆ ಮರಳಲಿಲ್ಲ. ಪೂರ್ವ ಲಂಡನ್ನಿನ ಟಾಯ್ನ್‌ಬಿ ಹಾಲ್ ಎಂಬ ಸೇವಾಸಂಸ್ಥೆಯಲ್ಲಿ ಬಡವರ ಕೆಲಸಕ್ಕೆ ಸೇರಿ, ದಶಕಗಳ ಕಾಲ ಅಲ್ಲಿಯೇ ದುಡಿದರು. 2006ರಲ್ಲಿ ತೀರಿಕೊಂಡರು. ಪ್ರಾಯಶ್ಚಿತ್ತವೆಂದರೆ ಏನೆಂದು ಕೇಳುವವರಿಗೆ ಅವರ ಜೀವನದ ಎರಡನೆಯ ಭಾಗವನ್ನು ತೋರಿಸಬಹುದು.

ನಮ್ಮ ಮನೆಯ ಕಡೆ

ನಮ್ಮ ದೇಶದಲ್ಲಿ ಗುಪ್ತಚರ ಮುಖ್ಯಸ್ಥರು ಈ ಕಾರಣಕ್ಕೆ ಬಹಿರಂಗವಾಗಿ ರಾಜೀನಾಮೆ ಕೊಟ್ಟ ಪ್ರಸಿದ್ಧ ಉದಾಹರಣೆ ಇಲ್ಲ. ಆದರೆ ಇದೇ ಪ್ರಶ್ನೆಯನ್ನು ನಮ್ಮ ನ್ಯಾಯಾಲಯಗಳೂ ನಮ್ಮ ರಾಜಕೀಯವೂ ಬೇರೆ ಬೇರೆ ಬದಿಯಿಂದ ಎದುರಿಸಿವೆ.

ಮೊದಲು ಕಾನೂನು. ಬ್ರಿಟಿಷರ ಕಾಲದ ಭಾರತೀಯ ದಂಡಸಂಹಿತೆಯ 497ನೆಯ ಕಲಮು ವ್ಯಭಿಚಾರವನ್ನು ಅಪರಾಧವೆಂದಿತ್ತು. ಅದು ಹೆಂಡತಿಯನ್ನು ಗಂಡನ ಆಸ್ತಿಯಂತೆ ಕಾಣುತ್ತದೆ ಎಂಬ ಕಾರಣದಿಂದ ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 27ರಂದು ಅದನ್ನು ರದ್ದುಪಡಿಸಿತು. ವ್ಯಭಿಚಾರ ವಿಚ್ಛೇದನಕ್ಕೆ ಕಾರಣವಾಗಬಹುದು, ಆದರೆ ಜೈಲಿಗೆ ಕಾರಣವಾಗದು. 2023ರ ಜನವರಿ 31ರಂದು ಅದೇ ನ್ಯಾಯಾಲಯ, ಈ ತೀರ್ಪು ಸಶಸ್ತ್ರ ಪಡೆಗಳ ಶಿಸ್ತಿನ ಕಾನೂನಿಗೆ ಅಡ್ಡಿಯಲ್ಲವೆಂದು ಸ್ಪಷ್ಟಪಡಿಸಿತು. ಕೇಂದ್ರ ಸರ್ಕಾರದ ನೌಕರರ 1964ರ ನಡತೆಯ ನಿಯಮಗಳಲ್ಲಿಯೂ ಹುದ್ದೆಗೆ ತಕ್ಕುದಲ್ಲದ ನಡತೆಗೆ ಅವಕಾಶವಿಲ್ಲ. ರಾಜ್ಯದ ರಹಸ್ಯ ಹೊರಗೆ ಕೊಟ್ಟವರಿಗಾದರೋ 1923ರ ಅಧಿಕೃತ ರಹಸ್ಯಗಳ ಕಾಯ್ದೆ ಇದೆ. ಮೂರೂ ಬೇರೆ ಬೇರೆ ಮೆಟ್ಟಿಲುಗಳು ಎಂಬುದನ್ನು ನೋಡಿ. ಖಾಸಗಿ ತಪ್ಪು ಮನೆಯವರಿಗೆ ಉತ್ತರ ಹೇಳಬೇಕಾದದ್ದು. ಹುದ್ದೆಯ ಲೋಪ ಇಲಾಖೆಗೆ ಉತ್ತರ ಹೇಳಬೇಕಾದದ್ದು. ರಹಸ್ಯದ ಸೋರಿಕೆ ನ್ಯಾಯಾಲಯಕ್ಕೆ ಉತ್ತರ ಹೇಳಬೇಕಾದದ್ದು. ಪೆಟ್ರೇಯಸ್ ಮೂರೂ ಮೆಟ್ಟಿಲುಗಳನ್ನು ಇಳಿದರು. ಜನ ನೆನಪಿಟ್ಟುಕೊಂಡದ್ದು ಮಾತ್ರ ಮೊದಲನೆಯದನ್ನು.

ಇನ್ನು ರಾಜ್ಯವೇ ಮಿತಿ ಮೀರಿದರೆ? ಅದಕ್ಕೆ ಉದಾಹರಣೆ ನಮ್ಮ ಕರ್ನಾಟಕದಲ್ಲೇ ಇದೆ. ರಾಜಕಾರಣಿಗಳೂ ಪತ್ರಕರ್ತರೂ ಸೇರಿದಂತೆ ಹಲವರ ದೂರವಾಣಿಗಳನ್ನು ಕದ್ದಾಲಿಸಿದ ಆರೋಪದ ಹಿನ್ನೆಲೆಯಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು 1988ರ ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟರು. ಅಮೆರಿಕದಲ್ಲಿ ಗುಟ್ಟಿನ ಬದುಕು ನಡೆಸಿದ ಅಧಿಕಾರಿ ಬಿದ್ದರೆ, ಇಲ್ಲಿ ಪರರ ಗುಟ್ಟಿಗೆ ಕಿವಿಯಿಟ್ಟ ಆರೋಪ ಹೊತ್ತ ಸರ್ಕಾರದ ಮುಖ್ಯಮಂತ್ರಿ ಹುದ್ದೆ ಬಿಟ್ಟರು. 1996ರಲ್ಲಿ ಸರ್ವೋಚ್ಚ ನ್ಯಾಯಾಲಯ ದೂರವಾಣಿ ಕದ್ದಾಲಿಕೆಗೆ ಕಟ್ಟುಪಾಡುಗಳನ್ನು ವಿಧಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ನಿರ್ಮಲ ನೀರಿಗೆ ವಿಷ ಹಾಕಬೇಡ ಎಂದ ಕೌಟಿಲ್ಯನ ಎಚ್ಚರಿಕೆ ಇಂದಿನ ಸಂವಿಧಾನದ ಮಾತಿನಲ್ಲಿ ಮರುಹುಟ್ಟು ಪಡೆದಂತಿದೆ.

ಈ ವಿಷಯ ದೊಡ್ಡ ಹುದ್ದೆಯವರಿಗೆ ಮಾತ್ರ ಸಂಬಂಧಿಸಿದ್ದೆಂದು ನೀವು ಎಣಿಸಬೇಡಿ. 2025ರ ಫೆಬ್ರವರಿಯಲ್ಲಿ ಕಾರವಾರದ ನೌಕಾನೆಲೆಯ ಮಾಹಿತಿಯನ್ನು ಹೊರಗೆ ಕೊಟ್ಟ ಆರೋಪದ ಮೇಲೆ ರಾಷ್ಟ್ರೀಯ ತನಿಖಾ ಸಂಸ್ಥೆ ಅಲ್ಲಿಯ ಇಬ್ಬರನ್ನು ಬಂಧಿಸಿತು. ಸಾಮಾಜಿಕ ಜಾಲತಾಣದಲ್ಲಿ ಹೆಣ್ಣಿನ ಹೆಸರಿನಲ್ಲಿ ಬೆಳೆದ ಸ್ನೇಹದ ಬಲೆಗೆ ಅವರು ಬಿದ್ದಿದ್ದರೆಂಬುದು ವರದಿ. ಆರೋಪ ಆರೋಪವೇ, ತೀರ್ಮಾನ ನ್ಯಾಯಾಲಯಕ್ಕೆ ಸೇರಿದ್ದು. ಆದರೆ ಕೌಟಿಲ್ಯನ ಪರಿವ್ರಾಜಿಕೆ ಈಗ ಅರಮನೆಯ ಬಾಗಿಲಿನಲ್ಲಿ ಕಾಯುವುದಿಲ್ಲ, ಅಂಗೈಯ ಮೊಬೈಲಿನಲ್ಲೇ ಕರೆಯುತ್ತಾಳೆ ಎಂಬುದು ನಿಮ್ಮ ವಯಸ್ಸಿನವರು ತಿಳಿದಿರಬೇಕಾದ ಸಂಗತಿ. ಎಂದಾದರೂ ಅಂತಹ ಬಲೆಗೆ ಸಿಕ್ಕಿದೆವೆನಿಸಿದರೆ ಮುಚ್ಚಿಡಬೇಡಿ. ಹಿರಿಯರಿಗೆ, ಅಧ್ಯಾಪಕರಿಗೆ, ಪೊಲೀಸರಿಗೆ ಹೇಳಿಬಿಡಿ. ವ್ಯಾಸಲ್ ಮೊದಲ ದಿನವೇ ಹೇಳಬಲ್ಲ ಸಮಾಜದಲ್ಲಿ ಇದ್ದಿದ್ದರೆ ಅವನ ಕಥೆ ಬೇರೆಯಾಗಬಹುದಿತ್ತು.

ಚರಿತ್ರೆಯ ತಕ್ಕಡಿ

ಚರಿತ್ರೆಯನ್ನು ಓದುವವನು ನ್ಯಾಯಾಧೀಶನಲ್ಲ, ಹರಟೆಗಾರನೂ ಅಲ್ಲ. ಅವನ ಕೈಯಲ್ಲಿರುವುದು ತಕ್ಕಡಿ. ಪೆಟ್ರೇಯಸ್ ಪ್ರಕರಣವನ್ನು ಆ ತಕ್ಕಡಿಯಲ್ಲಿಟ್ಟರೆ, ವಿವಾಹೇತರ ಸಂಬಂಧಕ್ಕಿಂತ ಎಂಟು ಕಪ್ಪು ಪುಸ್ತಕಗಳ ತೂಕ ಹೆಚ್ಚು. ಆ ಪುಸ್ತಕಗಳಿಗಿಂತಲೂ ಅಕ್ಟೋಬರ್ 26ರ ಸುಳ್ಳಿನ ತೂಕ ಹೆಚ್ಚು ಎಂದು ನನಗೆ ತೋರುತ್ತದೆ. ಏಕೆಂದರೆ ಕಿರಿಯರಿಗೆ ಪ್ರಮಾಣವಚನದ ಬೆಲೆಯನ್ನು ಬೋಧಿಸಿದ ಬಾಯಿಯೇ ಮೂರು ದಿನಗಳಲ್ಲಿ ಅದನ್ನು ಮುರಿಯಿತು. ಮನೆಯವರ ನಂಬಿಕೆಯನ್ನು ಮುರಿದವನನ್ನು ಮನೆಯವರು ಕ್ಷಮಿಸಬಹುದು. ಅದು ಅವರಿಗೆ ಬಿಟ್ಟದ್ದು. ರಾಜ್ಯದ ನಂಬಿಕೆಯನ್ನು ಮುರಿದವನನ್ನು ಕ್ಷಮಿಸುವ ಅಧಿಕಾರ ಯಾವ ಒಬ್ಬರಿಗೂ ಸುಲಭವಾಗಿ ಸೇರಿದ್ದಲ್ಲ. ನಿಮ್ಮ ತೂಕ ಬೇರೆಯಾಗಿರಬಹುದು. ತರಗತಿಯಲ್ಲಿ ಈ ವಿಷಯವನ್ನು ಚರ್ಚೆಗೆ ಇಟ್ಟುಕೊಂಡು, ಖಾಸಗಿ ತಪ್ಪು, ಹುದ್ದೆಯ ಲೋಪ, ಅಪರಾಧ ಎಂಬ ಮೂರು ಅಂಕಣಗಳಲ್ಲಿ ಇಲ್ಲಿ ಹೇಳಿದ ಒಂದೊಂದು ಸಂಗತಿಯನ್ನೂ ನೀವೇ ಬರೆದು ನೋಡಿ.

ಉಪ್ಪಿಲ್ಲದ ಅಡಿಗೆ ಹೇಗೆ ರುಚಿಸದೋ ನಂಬಿಕೆಯಿಲ್ಲದ ಆಡಳಿತವೂ ಹಾಗೆಯೇ. ಉಪ್ಪು ಸರಿಯಾಗಿದ್ದಾಗ ಯಾರೂ ಅದರ ಮಾತೆತ್ತುವುದಿಲ್ಲ. ಅದು ತಪ್ಪಿದಾಗ ಊಟಕ್ಕೆ ಕುಳಿತವರೆಲ್ಲರಿಗೂ ತಿಳಿಯುತ್ತದೆ.